ಕೊಡಲ್ಲಮ್ಮ

ಔಷಧದಂಗಡಿಗಳಲ್ಲಿ ಒಂದು ಸೌಜನ್ಯದ ಸುಳ್ಳು ಚಲಾವಣೆಯಲ್ಲಿದೆ. ಕೊಡಲು ಮನಸ್ಸಿಲ್ಲದ ಮಾತ್ರೆಯನ್ನು ಗಿರಾಕಿ ಕೇಳಿದರೆ ಅಂಗಡಿಯವನು ಕಪಾಟಿನ ಕಡೆಗೊಮ್ಮೆ ತಿರುಗಿ, ಹುಡುಕಿದಂತೆ ಮಾಡಿ, ಮುಖ ಸಣ್ಣದು ಮಾಡಿಕೊಂಡು "ಸ್ಟಾಕ್ ಇಲ್ಲ" ಎನ್ನುತ್ತಾನೆ. ಇಬ್ಬರ ಮಾನವೂ ಉಳಿಯುತ್ತದೆ. ಗಿರಾಕಿ ಮುಂದಿನ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ನಾನಿಲ್ಲಿ ಹೇಳಹೊರಟಿರುವ ಹೆಂಗಸಿನ ಬಾಯಿಂದ ಆ ಸುಳ್ಳು ಒಂದು ಸಲವಾದರೂ ಹೊರಟದ್ದನ್ನು ಕೇಳಿದವರಿಲ್ಲ. ಕೇಳಿದ ಮಾತ್ರೆ ಅವರ ಬೆನ್ನ ಹಿಂದೆಯೇ, ಗಾಜಿನೊಳಗೆ, ಯಾರ ಕಣ್ಣಿಗೂ ಕಾಣುವಂತೆ ಇರುತ್ತಿತ್ತು; ಅವರು ಅದನ್ನು ಬೆರಳೆತ್ತಿ ತೋರಿಸಿಯೇ ಹೇಳುತ್ತಿದ್ದರು: "ಇದೆ. ಕೊಡಲ್ಲ."

ಇಲ್ಲ ಎಂದವರನ್ನು ಹೇಗೋ ಕ್ಷಮಿಸಬಹುದು. ಇದೆ ಎಂದು ಒಪ್ಪಿಕೊಂಡು ಕೊಡದೆ ನಿಲ್ಲುವವರನ್ನು ಕ್ಷಮಿಸಲು ದೊಡ್ಡ ಮನಸ್ಸು ಬೇಕು. ನಮ್ಮ ಬೀದಿಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. ಅದು ಅವರಿಗೊಂದು ಹೆಸರಿಟ್ಟು ಸೇಡು ತೀರಿಸಿಕೊಂಡಿತು: ಕೊಡಲ್ಲಮ್ಮ. ಅಂಗಡಿಯ ಫಲಕದ ಮೇಲಿದ್ದ ಅಧಿಕೃತ ಹೆಸರನ್ನು ಓದುವವರೇ ಇಲ್ಲವಾಗಿ, ದಾರಿ ಹೇಳುವವರೆಲ್ಲ "ಕೊಡಲ್ಲಮ್ಮನ ಅಂಗಡಿ ದಾಟಿ ಎಡಕ್ಕೆ ತಿರುಗಿ" ಎನ್ನತೊಡಗಿದರು. ಹೊಸದಾಗಿ ಬಂದ ಕೊರಿಯರಿನವನೊಬ್ಬ ಬಾಗಿಲಲ್ಲಿ ನಿಂತು "ಕೊಡಲ್ಲಮ್ಮ ಅಂದ್ರೆ ಯಾರು?" ಎಂದು ಮುಗ್ಧವಾಗಿ ಕೇಳಿದಾಗ, "ನಾನೇ, ಕೊಡಿ" ಎಂದು ಸಹಿ ಹಾಕಿ ಪೆಟ್ಟಿಗೆ ತೆಗೆದುಕೊಂಡರಂತೆ. ಅವಮಾನವೆಂಬುದು ಅವರಿಗೆ ತಾಗುತ್ತಿರಲಿಲ್ಲವೋ, ತಾಗಿದ್ದನ್ನು ವಿಚಾರಿಸಲು ಪುರುಸೊತ್ತಿರಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು.

ಆಕೃತಿಯಲ್ಲಿ ಅವರು ಕುಳ್ಳು. ಆದರೆ ಕೌಂಟರಿನ ಹಿಂದೆ ಮರದ ಹಲಗೆಯೊಂದನ್ನು ಹಾಕಿಸಿಕೊಂಡು ಅದರ ಮೇಲೆ ನಿಲ್ಲುತ್ತಿದ್ದುದರಿಂದ, ಆರಡಿಯ ಆಳೂ ಅವರೊಡನೆ ತಲೆಯೆತ್ತಿಯೇ ಮಾತಾಡಬೇಕಾಗಿತ್ತು. ಮೈಮೇಲೆ ಗಂಡಸಿನ ಅಳತೆಯ ಒಂದು ಬಿಳಿಯ ಕೋಟು. ತೋಳುಗಳನ್ನು ಮೊಣಕೈಯವರೆಗೆ ಮಡಿಚಿ, ಕುತ್ತಿಗೆಯ ಗುಂಡಿಯನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ಹಾಕಿಕೊಂಡು, ಬಲಗಡೆಯ ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಕತ್ತರಿಸುವ ಕತ್ತರಿಯನ್ನು ಇಳಿಬಿಟ್ಟಿರುತ್ತಿದ್ದರು. ಆ ಕತ್ತರಿಯ ಭಾರಕ್ಕೆ ಜೇಬು ಹರಿಯುವುದು, ಕೈಗೆ ಸಿಕ್ಕ ಬಣ್ಣದ ದಾರದಿಂದ ಅವರು ಅದನ್ನು ಹೊಲಿಯುವುದು, ಮತ್ತೆ ಹರಿಯುವುದು. ಹೀಗಾಗಿ ನಿಷ್ಕಳಂಕ ಧವಳ ವಸ್ತ್ರದ ಆ ಒಂದು ಮೂಲೆ ಮಾತ್ರ ಹಸಿರು, ನೀಲಿ, ಕೆಂಪುಗಳಿಂದ ಗಾಯವಾಸಿಯಾದ ಚರ್ಮದಂತೆ ಕಾಣುತ್ತಿತ್ತು. ಸ್ಟ್ರಿಪ್ಪನ್ನು ತುಂಡರಿಸುವಾಗ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿ ಯಾರ ಪಾಲಿಗೆ ಹೋಗುತ್ತದೆಂಬುದು ಅವರಿಗೆ ದೊಡ್ಡ ಧರ್ಮಸೂಕ್ಷ್ಮ. ದಿನಾಂಕವಿಲ್ಲದ ತುಂಡು ಪಡೆದವನ ಪೊಟ್ಟಣದ ಮೇಲೆ ಅದನ್ನು ಕೈಯಾರೆ ಬರೆದು, ಅವನಿಂದ ಓದಿಸಿಯೇ ಕಳಿಸುತ್ತಿದ್ದರು. ಹಿಂದೆ ನಿಂತವರು ಗಡಿಯಾರ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದರು. ಅವರ ನಿಟ್ಟುಸಿರಿನಲ್ಲಿ ನನ್ನದೂ ಸೇರಿರುತ್ತಿತ್ತು.

ಅಂಗಡಿಯ ಕಪಾಟುಗಳ ನಡುವಿನ ಸಂದಿ ಎಷ್ಟು ಇಕ್ಕಟ್ಟೆಂದರೆ ಅಲ್ಲಿ ಓರೆಯಾಗಿ, ಒಂದು ಭುಜ ಮುಂದೆ ಮಾಡಿಕೊಂಡು ನಡೆಯಬೇಕು. ವರ್ಷಗಟ್ಟಲೆ ಹಾಗೆ ನಡೆದ ಅವರು ಬಯಲಿನಲ್ಲೂ ಹಾಗೆಯೇ ನಡೆಯುತ್ತಿದ್ದರು. ವಿಶಾಲವಾದ ರಸ್ತೆಯಲ್ಲಿ, ಎದುರಿಗೆ ಒಂದು ನಾಯಿಯೂ ಇಲ್ಲದಿದ್ದಾಗ, ಎಡಭುಜವನ್ನು ಮುಂದಿಟ್ಟು, ಕಾಣದ ಕಪಾಟುಗಳ ನಡುವೆ ನುಸುಳುವವರಂತೆ ಅವರು ಬರುತ್ತಿದ್ದರೆ, ಯಾರ ಮನೆಯ ಬಾಗಿಲನ್ನೋ ಭುಜದಿಂದ ತಳ್ಳಿಕೊಂಡು ಒಳಗೆ ನುಗ್ಗಲು ಹೊರಟಂತೆ ತೋರುತ್ತಿತ್ತು.

ಕಾಲೇಜಿನಲ್ಲಿ ಸಾಹಿತ್ಯ ಬೋಧಿಸುತ್ತ, ಸಭೆ ಸಮಾರಂಭಗಳಲ್ಲಿ ಭಾಷಣ ಮಾಡುತ್ತ ಬದುಕುವ ನಾನು ಈ ಬೀದಿಗೆ ಬಾಡಿಗೆಗೆ ಬಂದ ಹೊಸತರಲ್ಲಿ ಗಂಟಲು ಕಟ್ಟಿತು. ಮರುದಿನ ಒಂದು ದೊಡ್ಡ ಸಭೆ. ನನಗೆ ಯಾವಾಗಲೂ ಒಗ್ಗುವ ಆ್ಯಂಟಿಬಯಾಟಿಕ್ಕಿನ ಹೆಸರನ್ನು ಬಾಯಿಪಾಠ ಒಪ್ಪಿಸಿದೆ.

"ಯಾರಿಗೆ?" ಎಂದರು. ನಮಸ್ಕಾರಕ್ಕೆ ಮೊದಲು, ಮುಖ ನೋಡುವುದಕ್ಕೂ ಮೊದಲು, ಪ್ರತಿಯೊಬ್ಬರಿಗೂ ಅವರು ಹಾಕುತ್ತಿದ್ದ ಪ್ರಶ್ನೆ ಅದು.

"ನನಗೇ."

"ಚೀಟಿ?"

"ಚೀಟಿ ಇಲ್ಲ. ಹೋದ ಸಲ ಗಂಟಲು ಕಟ್ಟಿದಾಗ ಇದೇ ತಗೊಂಡಿದ್ದೆ, ವಾಸಿಯಾಗಿತ್ತು."

"ಅದು ಹೋದ ಸಲದ ಗಂಟಲು."

"ಗಂಟಲು ಅದೇ ಅಲ್ವಾ, ನಂದೇ."

ಅವರು ನಗಲಿಲ್ಲ. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದರು, ಜ್ವರ ಕೇಳಿದರು, "ಆಮೇಲೆ?" ಎಂದರು, ಹೇಳಿದೆ, ಮತ್ತೆ "ಆಮೇಲೆ?" ಎಂದರು. ಕೊನೆಗೆ ನಾನು ಎಡೆಬಿಡದೆ ಭಾಷಣ ಮಾಡಿಕೊಂಡು ತಿರುಗುತ್ತಿರುವ ವಿಷಯ ಹೊರಬಿತ್ತು. "ಇದೆ. ಕೊಡಲ್ಲ. ಬಿಸಿನೀರು ಕುಡೀರಿ. ಎರಡು ದಿನ ಮಾತಾಡ್ಬೇಡಿ. ಜ್ವರ ಬಂದ್ರೆ ಡಾಕ್ಟ್ರ ಹತ್ರ ಹೋಗಿ." ಮಾತೇ ಜೀವನೋಪಾಯವಾದವನಿಗೆ ಮಾತಾಡಬೇಡಿ ಎಂಬ ಔಷಧವನ್ನು ಪುಕ್ಕಟೆಯಾಗಿ ಕೊಟ್ಟು ಕಳಿಸಿದರು. ಎದುರಿನ ಅಂಗಡಿಯವನು ಆ ಮಾತ್ರೆಯನ್ನು ನಗುನಗುತ್ತ ಕೊಟ್ಟ. ಅವನು ಅಲ್ಲಿ ಅಂಗಡಿ ತೆರೆದದ್ದೇ ಕೊಡಲ್ಲಮ್ಮನ ನಿರಾಕರಣೆಗಳ ಮೇಲೆ ನಂಬಿಕೆಯಿಟ್ಟು ಎಂಬುದು ಬೀದಿಯಲ್ಲಿ ಎಲ್ಲರೂ ಬಲ್ಲ ಸಂಗತಿ.

ಅವರ ದನಿ ಇನ್ನೊಂದು ಪೀಡೆ. ಹುಟ್ಟುಕಂಠವೇ ಹಾಗೋ, ಬೀದಿಯ ಗದ್ದಲವನ್ನು ಮೀರಿ ಕೇಳಿಸಲೆಂದು ಬೆಳೆಸಿಕೊಂಡದ್ದೋ, ಅವರು ಪಿಸುಗುಟ್ಟಿದರೂ ಬಸ್ ನಿಲ್ದಾಣಕ್ಕೆ ಕೇಳುತ್ತಿತ್ತು. ಮೂಲವ್ಯಾಧಿಯ ಮುಲಾಮನ್ನು ಕೇಳಲು ಸಂಕೋಚದಿಂದ ಬಗ್ಗಿ ನಿಂತ ಗೌರವಸ್ಥರನ್ನು ಅವರು ಹಲಗೆಯ ಮೇಲಿಂದ "ಯಾರಿಗೆ? ನಿಮಗಾ? ರಕ್ತ ಹೋಗುತ್ತಾ?" ಎಂದು ವಿಚಾರಿಸುವಾಗ, ಸುತ್ತ ನಿಂತವರು ಏಕಕಾಲಕ್ಕೆ ಕಪಾಟಿನಲ್ಲಿದ್ದ ಸಾಬೂನುಗಳನ್ನು ಅಧ್ಯಯನ ಮಾಡತೊಡಗುತ್ತಿದ್ದರು. ರೋಗವನ್ನು ಬಚ್ಚಿಡಬಾರದೆಂಬುದು ಅವರ ಸಿದ್ಧಾಂತವಾಗಿತ್ತು. ರೋಗಿಗೆ ನಾಚಿಕೆಯೆಂಬುದೊಂದು ಇರುತ್ತದೆಂಬುದು ಅವರ ಸಿದ್ಧಾಂತದ ಹೊರಗಿತ್ತು.

ಎಳೆಗೂಸಿಗೆ ನೆಗಡಿಯೆಂದು ಒಬ್ಬಳು ಬಾಣಂತಿ ಬಂದಳು. ದೊಡ್ಡ ಮಗುವಿಗೆ ಕುಡಿಸುತ್ತಿದ್ದ ಕೆಂಪು ಸಿರಪ್ಪೇ ಬೇಕೆಂದಳು. ಕೊಡಲ್ಲಮ್ಮ ಎಂದಿನ ವಾಕ್ಯ ಹೇಳಿದರು.

"ನಮ್ಮತ್ತೆ ಹೇಳಿದಾರೆ. ಅರ್ಧ ಚಮಚ ಹಾಕಿದ್ರೆ ಮಗು ಗಪ್ ಅಂತ ಮಲಗುತ್ತಂತೆ."

"ಅದಕ್ಕೇ ಕೊಡಲ್ಲ. ಇಷ್ಟು ಚಿಕ್ಕ ಮಗು ಗಪ್ ಅಂತ ಮಲಗಬಾರ್ದು. ಅತ್ತೆಯೋರನ್ನ ಕಳಿಸು."

ಸಂಜೆ ಅತ್ತೆ ಬಂದರು, ಟೊಂಕ ಕಟ್ಟಿಕೊಂಡೇ ಬಂದರು. "ನಾನು ಮಕ್ಕಳನ್ನ ಸಾಕಿಲ್ವಾ?" ಎಂದರು. "ಸಾಕಿದೀರಿ. ಆಗ ಈ ಔಷಧಿ ಇರ್ಲಿಲ್ಲ, ಅದಕ್ಕೇ ಸಾಕಿದೀರಿ" ಎಂದರು ಕೊಡಲ್ಲಮ್ಮ. ಹೊಗಳಿದರೋ ಬೈದರೋ ಎಂದು ಆ ತಾಯಿ ತೀರ್ಮಾನಿಸುವಷ್ಟರಲ್ಲಿ, ಮಗುವಿನ ಮೂಗಿಗೆ ಉಪ್ಪುನೀರಿನ ಹನಿ ಹಾಕುವ ಕ್ರಮವನ್ನು ಮೂರು ಅಂಗಡಿಗಳಾಚೆಗೂ ಕೇಳುವಂತೆ ಬೋಧಿಸಿ ಮುಗಿಸಿದ್ದರು.

ಅಂಗಡಿಯಲ್ಲಿ ಅವರ ಮೈದುನನಿಗೂ ಪಾಲಿತ್ತು. ಸರಕು ತರಿಸುವುದು, ಲೆಕ್ಕ ನೋಡುವುದು, ಹೊರಟುಹೋಗುತ್ತಿರುವ ಗಿರಾಕಿಗಳ ಬೆನ್ನನ್ನು ದುಃಖದಿಂದ ವೀಕ್ಷಿಸುವುದು, ಇವು ಆತನ ಕೆಲಸಗಳು. ಮೃದು ಸ್ವಭಾವದ ಮನುಷ್ಯ. ಅತ್ತಿಗೆಯ ಎದುರು ಗಟ್ಟಿಯಾಗಿ ಮಾತಾಡಿದವನಲ್ಲ. ಒಂದು ದಿನ ಮಾತ್ರ ನನ್ನೆದುರಿಗೇ ಆತನ ತಾಳ್ಮೆ ತಪ್ಪಿತು.

"ಅತ್ತಿಗೆ, ನಾವು ಅಂಗಡಿ ಇಟ್ಟಿರೋದು ಮಾರೋಕಲ್ವಾ?"

"ಮಾರೋಕೆ ನೀನಿದೀಯಲ್ಲಪ್ಪ. ಬೇಡ ಅನ್ನೋಕೂ ಒಬ್ರು ಬೇಕು."

"ಬೇಡ ಅನ್ನೋಕೆ ಡಾಕ್ಟ್ರಿದಾರೆ."

"ಅವರು ಬರೆಯೋವಾಗ ಅವರ ಮುಂದೆ ಒಬ್ಬ ರೋಗಿ ಇರ್ತಾನೆ. ನನ್ನ ಹತ್ರ ಬರೋವಾಗ ಅದೇ ರೋಗಿ ಇನ್ನಿಬ್ಬರು ಡಾಕ್ಟ್ರ ಚೀಟಿನೂ ಹಿಡ್ಕೊಂಡು ಬರ್ತಾನೆ. ಮೂರನ್ನೂ ಒಟ್ಟಿಗೆ ನೋಡೋಳು ನಾನೊಬ್ಳೇ."

ಮೈದುನ ನನ್ನ ಕಡೆ ತಿರುಗಿ, ನೀವಾದರೂ ಹೇಳಿ ಎಂಬಂತೆ ಕೈಚೆಲ್ಲಿದ. ನಾನೇನು ಹೇಳಲಿ? ಆ ಹೊತ್ತಿಗೆ ನನ್ನ ಕೈಯಲ್ಲೂ ಅವರು ಕೊಡದೆ ಬಿಟ್ಟ ಯಾವುದೋ ಮಾತ್ರೆಯ ಚೀಟಿಯಿತ್ತು.

ಅವರ ನಿರ್ಣಯಗಳೆಲ್ಲ ಸರಿಯಾಗಿದ್ದವೆಂದು ಓದುಗರು ಭಾವಿಸಿದರೆ ಅದು ನನ್ನ ಬರವಣಿಗೆಯ ದೋಷ. ಅವರು ತಪ್ಪಿದ್ದೂ ಉಂಟು. ಆ ತಪ್ಪಿಗೆ ಒಬ್ಬ ಮನುಷ್ಯನ ಕೈ ಮುರಿದದ್ದೂ ಉಂಟು. ಮನೆಗಳಿಗೆ ಬಣ್ಣ ಬಳಿಯುವವನೊಬ್ಬನಿಗೆ ಮೂರ್ಛೆಯ ಕಾಯಿಲೆ. ಬೇರೆ ಬಡಾವಣೆಯಿಂದ ಹೊಸದಾಗಿ ಬಂದಿದ್ದ ಅವನ ಹೆಂಡತಿ ಮಾತ್ರೆಯ ಚೀಟಿ ಹಿಡಿದು ಬಂದಳು. ಚೀಟಿಯಲ್ಲಿ ಪ್ರಮಾಣದ ಅಂಕಿಯನ್ನು ಯಾರೋ ಬೇರೆ ಶಾಯಿಯಲ್ಲಿ ತಿದ್ದಿದ್ದರು. ತಿದ್ದಿದ ಅಂಕಿ ದೊಡ್ಡದು. ಕೊಡಲ್ಲಮ್ಮ ವೈದ್ಯರಿಗೆ ಫೋನು ಮಾಡಿದರು. ವೈದ್ಯರು ಪ್ರಯಾಣದಲ್ಲಿದ್ದರು, ಫೋನು ಹತ್ತಲಿಲ್ಲ. "ಇದೆ. ಅವರನ್ನ ಕೇಳದೆ ಕೊಡಲ್ಲ. ನಾಳೆ ಬಾಮ್ಮ" ಎಂದು ಕಳಿಸಿಬಿಟ್ಟರು. ಮನೆಯಲ್ಲಿ ಹಳೆಯ ಮಾತ್ರೆ ಉಳಿದಿದೆಯೇ ಎಂದು ಕೇಳಲಿಲ್ಲ, ಉಳಿದಿರಲಿಲ್ಲ. ಆ ಮಾತ್ರೆಯನ್ನು ದಿಢೀರನೆ ನಿಲ್ಲಿಸಬಾರದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಆ ಗಳಿಗೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ತಿದ್ದಿದ ಅಂಕಿಯೊಂದೇ. ಮರುದಿನ ಬಣ್ಣದವನು ಮೆಟ್ಟಿಲಿಳಿಯುವಾಗ ಮೂರ್ಛೆ ಬಂದು ಉರುಳಿದ. ಅಂಕಿ ತಿದ್ದಿದ್ದವರು ಸ್ವತಃ ವೈದ್ಯರೇ. ಬರೆಯುತ್ತಿದ್ದ ಪೆನ್ನು ಕೈಕೊಟ್ಟಿದ್ದರಿಂದ ಇನ್ನೊಂದನ್ನು ಎತ್ತಿಕೊಂಡಿದ್ದರು, ಅಷ್ಟೇ.

ಮುಂದಿನದ್ದನ್ನು ನನಗೆ ಹೇಳಿದವನು ಆ ಬಣ್ಣದವನೇ, ಮೂಳೆ ಕೂಡಿದ ಮೇಲೆ ನಮ್ಮ ಮನೆಗೆ ಬಣ್ಣ ಬಳಿಯಲು ಬಂದಾಗ. ಸುದ್ದಿ ತಿಳಿದ ಕೂಡಲೇ ಕೊಡಲ್ಲಮ್ಮ ಅಂಗಡಿಯನ್ನು ಮೈದುನನಿಗೆ ಬಿಟ್ಟು, ಕೋಟಿನಲ್ಲೇ ಅವರ ಮನೆಗೆ ಹೋದರಂತೆ. ಕೂರಿ ಎಂದು ಯಾರೂ ಹೇಳಲಿಲ್ಲ, ನಿಂತೇ ಹೇಳಿದರಂತೆ: "ಚೀಟಿ ಸರಿಯಾಗಿತ್ತು. ನಾನೇ ತಪ್ಪು ತಿಳ್ಕೊಂಡೆ."

ಅವನ ಹೆಂಡತಿ ಸಿಟ್ಟಿನಿಂದ, "ಈಗ ಬಂದು ಹೇಳಿದ್ರೆ ಕೈ ಕೂಡ್ಕೊಳುತ್ತಾ?" ಎಂದಳಂತೆ.

"ಇಲ್ಲ" ಎಂದರಂತೆ. ಶಾಯಿಯ ಮಾತೆತ್ತಲಿಲ್ಲ, ವೈದ್ಯರ ಹೆಸರೆತ್ತಲಿಲ್ಲ.

"ಅವರು ಅತ್ತಿದ್ರೆ ನಾವು ಬೈದು ಕಳಿಸ್ತಿದ್ವಿ ಸಾರ್. ಸುಮ್ನೆ ನಿಂತ್ಕೊಂಡ್ರು. ಏನ್ ಮಾಡೋದು ಅಂತ ನಮಗೇ ಗೊತ್ತಾಗ್ಲಿಲ್ಲ" ಎಂದ ಬಣ್ಣದವನು, ಗೋಡೆಯ ಬಿರುಕಿಗೆ ಪುಟ್ಟಿ ತುಂಬುತ್ತ.

ಇಷ್ಟಾದ ಮೇಲಾದರೂ ಆ ಹೆಂಗಸು ತಣ್ಣಗಾಗುತ್ತಾರೆ, ಚೀಟಿಯಲ್ಲಿರುವುದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂದು ಬೀದಿ ಆಶಿಸಿತು. ಮೈದುನ ಬಾಯಿಬಿಟ್ಟು ಹೇಳದಿದ್ದರೂ ಆಶಿಸಿದ. ಆದದ್ದು ಬೇರೆ. ಅದುವರೆಗೆ ಅವರು ಬೇಡವೆಂದು ಸುಮ್ಮನಾಗುತ್ತಿದ್ದರು. ಆಮೇಲೆ ಬೇಡವೆಂದವರ ಬೆನ್ನುಬಿಡದಾದರು. ಬರಿಗೈಯಲ್ಲಿ ಕಳಿಸಿದವನು ಮನೆಗೆ ಹೋಗಿ ಏನು ಮಾಡಿದ, ನೋವು ಇಳಿಯಿತೇ, ವೈದ್ಯರ ಹತ್ತಿರ ಹೋದನೇ, ಇದೆಲ್ಲದರ ವಿಚಾರಣೆ ಶುರುವಾಯಿತು. ವೈದ್ಯರ ಫೋನು ಹತ್ತದಿದ್ದರೆ ತಾವೇ ಅವರ ಕೋಣೆಯ ಮುಂದೆ ರೋಗಿಗಳ ಸಾಲಿನಲ್ಲಿ ಹೋಗಿ ಕೂತರು. ಮೊದಲು ಅವರಿಂದ ತಪ್ಪಿಸಿಕೊಳ್ಳಲು ಬೇರೆ ಅಂಗಡಿಗೆ ಹೋದರೆ ಸಾಕಿತ್ತು, ಈಗ ದಾರಿಯಲ್ಲಿ ಸಿಕ್ಕರೂ ಭುಜ ಮುಂದೆ ಮಾಡಿಕೊಂಡು ಅಡ್ಡ ಬಂದು "ಹೊಟ್ಟೆ ಉರಿ ಹೇಗಿದೆ?" ಎಂದು ಕೂಗಿ ಕೇಳುವ ಹೆಂಗಸಿನಿಂದ ತಪ್ಪಿಸಿಕೊಳ್ಳುವುದು ಹೇಗೆ?

ನನ್ನ ಸೋದರಮಾವನ ಪ್ರಕರಣ ನಡೆದದ್ದು ಈ ಕಾಲದಲ್ಲಿ. ಮಾವ ಎತ್ತರದ ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್ಕಾಗಿ ಆಯುಷ್ಯ ಕಳೆದು ನಿವೃತ್ತರಾದವರು. ಅವರ ಮನೆ ಎರಡು ಬೀದಿಗಳಾಚೆ; ಅತ್ತೆ ಬಹುಕಾಲ ಕಾಯಿಲೆ ಬಿದ್ದಿದ್ದಾಗ ಔಷಧ ತರಲು ಈ ಅಂಗಡಿಗೆ ಬರುತ್ತಿದ್ದವರು ಅವರೇ. ಕೊಡಲ್ಲಮ್ಮನಿಗೆ ಸರಿಸಾಟಿಯಾದ ಗಿರಾಕಿ. ಪ್ರತಿ ಮಾತ್ರೆಯನ್ನೂ ಬೆಳಕಿಗೆ ಹಿಡಿದು, ಊಟಕ್ಕೆ ಮುಂಚೆಯೋ ಆಮೇಲೋ, ಅರ್ಧ ಮಾಡಬಹುದೋ, ತಲೆ ಸುತ್ತುತ್ತದೋ ಎಂದು ಕೇಳಿ ಕೇಳಿ, ಹಿಂದೆ ನಿಂತವರ ಶಾಪ ತೆಗೆದುಕೊಳ್ಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ನಾವು ಅವರನ್ನು ಕರೆತಂದು ಮಹಡಿಯ ಕೋಣೆಯಲ್ಲಿಟ್ಟೆವು. ಜೀವದಂತೆ ನೋಡಿಕೊಂಡಿದ್ದ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಬರುವ ಮುನ್ನ ಯಾರೋ ಹಳೆಯ ಸಹೋದ್ಯೋಗಿಗೆ ಕೊಟ್ಟುಬಿಟ್ಟಿದ್ದರು. ಭಾರ ಕಡಿಮೆ ಮಾಡಿಕೊಂಡರು ಎಂದುಕೊಂಡೆವು. ನಿದ್ದೆ ಬರುತ್ತಿಲ್ಲವೆಂದರು; ವೈದ್ಯರು ಒಂದು ತಿಂಗಳ ನಿದ್ದೆಮಾತ್ರೆ ಬರೆದುಕೊಟ್ಟರು. ಚೀಟಿ ಹಿಡಿದು ಹೋದವರು ಮುಖ ಕೆಂಪಗೆ ಮಾಡಿಕೊಂಡು ಬರಿಗೈಯಲ್ಲಿ ಬಂದು ಮಹಡಿ ಹತ್ತಿದರು.

ನಾನು ಅಂಗಡಿಗೆ ಹೋದಾಗ ನನ್ನ ಸಿಟ್ಟು ನೆತ್ತಿಗೇರಿತ್ತು. "ಡಾಕ್ಟ್ರು ಬರೆದಿದಾರೆ, ಸೀಲಿದೆ, ಸಹಿಯಿದೆ. ಇನ್ನೇನು ಬೇಕು ನಿಮಗೆ?"

"ಚೀಟಿ ಸರಿಯಾಗಿದೆ" ಎಂದರು. "ಅವರು ಒಂದು ಪ್ರಶ್ನೆನೂ ಕೇಳ್ಲಿಲ್ಲ."

"ಅಂದ್ರೆ?"

"ಅಷ್ಟು ವರ್ಷ ಬಂದ್ರಲ್ಲ, ಕೆಮ್ಮಿನ ಮಾತ್ರೆ ಕೊಟ್ರೂ ಹತ್ತು ಪ್ರಶ್ನೆ ಕೇಳೋರು. ಇವತ್ತು ಚೀಟಿ ಇಟ್ಟು 'ಕೊಡಿ' ಅಂದ್ರು, ರಸ್ತೆ ನೋಡ್ಕೊಂಡು ನಿಂತ್ಕೊಂಡ್ರು. ಯಾವಾಗ ತಗೋಬೇಕು ಅಂತ ಸಹ ಕೇಳ್ಲಿಲ್ಲ. ನಂಗೆ ಸರಿ ಕಾಣ್ಲಿಲ್ಲ. ನಿದ್ದೆಗಾ, ಸಾಯೋದಕ್ಕಾ ಅಂತ ಕೇಳ್ದೆ."

ಆ ದನಿಯಲ್ಲಿ, ಆ ಹಲಗೆಯ ಮೇಲಿಂದ, ಸಂಜೆಯ ಗಿರಾಕಿಗಳ ನಡುವೆ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ವೃದ್ಧನನ್ನು ಹಾಗೆ ಕೇಳಿದ್ದರು. "ಯಾರಾದ್ರೂ ಹಾಗೆ ಕೇಳ್ತಾರೇನ್ರಿ?" ಎಂದೆ.

"ನೀವು ಕೇಳಿದೀರಾ?"

"ಇಲ್ಲ."

"ನಾನು ಕೇಳ್ದೆ. ಜವಾಬು ಕೊಡ್ಲಿಲ್ಲ. ಇಲ್ಲ ಅಂದಿದ್ರೆ, ಅಥವಾ ನನಗೆ ಬೈದಿದ್ರೆ, ಕೊಡ್ತಿದ್ದೆ. ದಿನಾ ಸಂಜೆ ಬರ್ಲಿ. ಆವತ್ತಿನ ಮಾತ್ರೆ ಆವತ್ತು ಕೊಡ್ತೀನಿ."

ಮಾವ ಎದುರಿನ ಅಂಗಡಿಗೂ ಹೋಗಿ ನೋಡಿದರು. ಆ ನಗುಮುಖದವನು ಕಪಾಟಿನ ಕಡೆ ತಿರುಗಿ, ಹುಡುಕಿದಂತೆ ಮಾಡಿ, "ಸ್ಟಾಕ್ ಇಲ್ಲ" ಎಂದನಂತೆ. ಎಂದೂ ಮಾತಾಡದ ಪ್ರತಿಸ್ಪರ್ಧಿಗೆ ಅಂದು ಕೊಡಲ್ಲಮ್ಮ ತಾವಾಗಿ ಫೋನು ಮಾಡಿದ್ದರು. ಸುತ್ತಲಿನ ಉಳಿದ ಅಂಗಡಿಗಳಿಗೂ ಮಾಡಿದ್ದರು. ವೈದ್ಯರಿಗಂತೂ ಮಾಡಿಯೇ ಇದ್ದರು. "ನನ್ನ ಚೀಟಿ ತಿದ್ದೋಕೆ ಆಯಮ್ಮ ಯಾರು?" ಎಂದು ವೈದ್ಯರು ನನ್ನ ಮೇಲೆ ಹರಿಹಾಯ್ದರು, ಹರಿಹಾಯ್ದ ಮೇಲೆ ಮಾವನನ್ನು ಕರೆಸಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿ, ಮನೋವೈದ್ಯರೊಬ್ಬರ ಹತ್ತಿರ ಕಳಿಸಿದರು. ಆ ವೈದ್ಯೆ ಬೇರೊಂದು ಔಷಧ ಶುರುಮಾಡಿ, ಅದು ಹಿಡಿಯುವವರೆಗೆ ನಿದ್ದೆಮಾತ್ರೆಯನ್ನು ದಿನದಿನವೇ ಕೊಡಲಿ ಎಂದರು. ಹೀಗೆ ಕೊಡಲ್ಲಮ್ಮನ ಹಟಕ್ಕೆ ಶಾಸ್ತ್ರದ ಮುದ್ರೆಯೂ ಬಿತ್ತು. ಪ್ರತಿ ಸಂಜೆ ಮಾವ ಕೆಳಗಿಳಿದು, ಗೊಣಗುತ್ತ ಹೋಗಿ, ಒಂದು ಮಾತ್ರೆ ತಂದು, ಗೊಣಗುತ್ತ ಮಲಗತೊಡಗಿದರು. ಮನೆಯಲ್ಲಿ ಎಲ್ಲರಿಗೂ ರೋಸಿಹೋಯಿತು.

ಒಂದು ಸಂಜೆ ಮಾವ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕೋಟು ತೊಟ್ಟ ಕೊಡಲ್ಲಮ್ಮ, ನನ್ನನ್ನು ಕೇಳದೆ, ಭುಜ ಮುಂದೆ ಮಾಡಿಕೊಂಡು ಮೆಟ್ಟಿಲು ಹತ್ತಿದರು. ನಾನು ಹಿಂದೆ ಓಡಿದೆ. ಮಾವ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಅವರನ್ನು ಕಂಡು ಈಕೆಯ ಏದುಸಿರು ಸ್ವಲ್ಪ ನಿಧಾನವಾಯಿತು.

"ಯಾಕೆ ಬರ್ಲಿಲ್ಲ?"

"ದಿನಾ ಬಂದು ಕೈಯೊಡ್ಡೋಕೆ ನಾನೇನು ಶಾಲೆ ಹುಡುಗನಾ?" ಎಂದರು ಮಾವ. "ತಡೆಯೋಕೆ ನೀವು ಯಾರು?"

"ನೀವು ಲಿಫ್ಟ್ ನೋಡ್ಕೋತಿದ್ರಲ್ಲ. ಹಗ್ಗದಲ್ಲಿ ಒಂದೆಳೆ ಕಿತ್ತಿದ್ರೆ ಏನು ಮಾಡ್ತಿದ್ರಿ?"

"ನಿಲ್ಲಿಸ್ತಿದ್ದೆ."

"ಮೇಲಿನ ಮಹಡಿಯೋರು ಬೈತಿರ್ಲಿಲ್ವಾ?"

"ಬಾಯಿಗೆ ಬಂದ ಹಾಗೆ ಬೈಯೋರು."

"ಬಿದ್ದೇ ಬೀಳುತ್ತೆ ಅಂತ ಗೊತ್ತಿರ್ತಿತ್ತಾ ನಿಮಗೆ?"

ಮಾವ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಇಲ್ಲ" ಎಂದರು. "ಒಂದೆಳೆ ಕಿತ್ರೆ ಬೀಳಲ್ಲ. ಆದ್ರೂ ನಿಲ್ಲಿಸ್ಬೇಕು."

"ನನಗೂ ಗೊತ್ತಿಲ್ಲ" ಎಂದರು ಕೊಡಲ್ಲಮ್ಮ.

"ನಾನು ಲಿಫ್ಟಲ್ಲ."

"ಹೌದು. ಲಿಫ್ಟಾಗಿದ್ರೆ ಬೋರ್ಡು ತಗಲಿಸಿ ಮನೆಗೆ ಹೋಗ್ತಿದ್ದೆ."

ಮಾವನ ಭುಜಗಳು ಅಲುಗಿದವು. ನಗುತ್ತಿದ್ದಾರೆಂದುಕೊಂಡೆ, ಅವರು ಅಳುತ್ತಿದ್ದರು. ಅತ್ತೆ ಹೋದಾಗ ಕಣ್ಣಲ್ಲಿ ನೀರು ಹಾಕದಿದ್ದವರು ಎರಡೂ ಕೈಗಳಿಂದ ಕುರ್ಚಿಯ ತೋಳನ್ನು ಹಿಡಿದುಕೊಂಡು ಅತ್ತರು. ಕೊಡಲ್ಲಮ್ಮ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅಂಥ ಮಾತುಗಳು ಅವರಿಗೆ ಬರುತ್ತಲೂ ಇರಲಿಲ್ಲ. ಮಂಚದ ತುದಿಯಲ್ಲಿ ಕೂತು, ಅಳು ಮುಗಿಯುವ ತನಕ ಕಾದು, ಪೊಟ್ಟಣವನ್ನು ಕೈಗಿತ್ತು "ನಾಳೆ ಬನ್ನಿ" ಎಂದರು. ಇಳಿಯುವಾಗ ನನಗೆ ಮಾತ್ರ ಮೈಚಳಿ ಬಿಡಿಸಿದರು: "ಮಾವನ್ನ ಮೇಲೆ ಒಬ್ರನ್ನೇ ಯಾಕೆ ಇಟ್ಟಿದೀರಿ? ಮಂಚ ಕೆಳಗಿಳಿಸಿ." ನನ್ನ ಮನೆಯೊಳಗೆ ಮಂಚ ಎಲ್ಲಿರಬೇಕೆಂಬುದೂ ಔಷಧದಂಗಡಿಯಲ್ಲಿ ತೀರ್ಮಾನವಾಗಬೇಕೇ ಎಂದು ಗೊಣಗಿಕೊಂಡೇ, ಆ ರಾತ್ರಿಯೇ ಇಳಿಸಿದೆ.

ತಿಂಗಳುಗಳು ಕಳೆದವು. ಮಾವನ ನಿದ್ದೆ ಮರಳಿತು, ಪ್ರಶ್ನೆಗಳೂ ಮರಳಿದವು; ನಿದ್ದೆಮಾತ್ರೆ ನಿಂತಿತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ತಾವಾಗಿಯೇ ಹೇಳಿದರು: "ಅವತ್ತು ಪೂರ್ತಿ ಕೊಟ್ಟಿದ್ರೆ ನುಂಗೇಬಿಡ್ತಿದ್ದೆ ಅಂತ ಹೇಳಲ್ಲ. ನುಂಗ್ತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ." ಲೋಟ ಕೆಳಗಿಟ್ಟು, "ಆದ್ರೂ ಅಷ್ಟು ಜನದ ಮುಂದೆ ಆಯಮ್ಮ ಹಾಗೆ ಕೇಳಬಾರ್ದಿತ್ತು" ಎಂದರು. ಅದನ್ನು ಅವರು ಇಂದಿಗೂ ಮನ್ನಿಸಿಲ್ಲ. ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ತುಳಿದಿಲ್ಲ. ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾರೆ.

ನಾನಿದನ್ನು ಕೊಡಲ್ಲಮ್ಮನಿಗೆ ತಿಳಿಸಿದೆ. ಅವರು ನಿಜವಾಗಿಯೂ ಅಚ್ಚರಿಪಟ್ಟು, "ನಾನು ಅಷ್ಟು ಜೋರಾಗಿ ಕೇಳಿದ್ನಾ?" ಎಂದರು, ಇಡೀ ಅಂಗಡಿ ತಿರುಗಿ ನೋಡುವಷ್ಟು ಜೋರಾಗಿ. ಆಮೇಲೆ ಸ್ವಲ್ಪ ಯೋಚಿಸಿ, "ಬರ್ದೇ ಇದ್ರೆ ಇರ್ಲಿ ಬಿಡಿ. ಔಷಧಿ ಅಂಗಡಿಗೆ ಬರ್ದೇ ಇರೋದು ಒಳ್ಳೇದೇ ಅಲ್ವಾ" ಎಂದು, ನನ್ನ ಚೀಟಿಯನ್ನು ಕೈಗೆತ್ತಿಕೊಂಡು, ಹುಬ್ಬುಗಂಟಿಕ್ಕಿದರು.

ಬೇಡವೆನ್ನುವುದನ್ನೇ ವೃತ್ತಿಯ ಅರ್ಧಭಾಗವೆಂದು ಬಗೆದ ಜನ ಎಲ್ಲ ಊರುಗಳಲ್ಲೂ ಕೆಲವರಿರುತ್ತಾರೆ. ಅವರ ಬದುಕಿನ ದೊಡ್ಡ ಕಷ್ಟವೆಂದರೆ ಅವರ ಕೆಲಸಕ್ಕೆ ಕುರುಹು ಉಳಿಯುವುದಿಲ್ಲ. ಕಟ್ಟಿದವನಿಗೆ ಕಟ್ಟಡವಿದೆ, ವಾಸಿಮಾಡಿದವನಿಗೆ ಎದ್ದು ಓಡಾಡುವ ರೋಗಿಯಿದ್ದಾನೆ. ತಡೆದವರು ಮಾತ್ರ ತೋರಿಸಬೇಕಾದದ್ದು ಸಂಭವಿಸದೆ ಹೋದ ಒಂದು ಸಂಗತಿಯನ್ನು, ಅದನ್ನು ಯಾರ ಕಣ್ಣಿಗೂ ತೋರಿಸಲಾಗದು. ತಪ್ಪಿದಾಗ ಮುರಿದ ಮೂಳೆ ಎಲ್ಲರಿಗೂ ಕಾಣುತ್ತದೆ. ತಪ್ಪದೇ ಇದ್ದಾಗ ಕಾಣುವುದು ನಮಗಾದ ತೊಂದರೆಯೊಂದೇ. ಅವರು ಮೃದುವಾಗಿ ಮಾತಾಡಬಾರದೇ ಎಂದು ನಾವು ಕೇಳುತ್ತೇವೆ. ಆಡಬಹುದಿತ್ತು, ಆಡಬೇಕಾಗಿತ್ತು, ಆದರೆ ಹಾಗೆ ಮೃದುವಾದವರಲ್ಲಿ ಹೆಚ್ಚಿನವರು ನಾವು ಇನ್ನೊಮ್ಮೆ ಬೇಡಿದರೆ ಕೊಟ್ಟುಬಿಡುತ್ತಾರೆ. ಬೇಡವೆನ್ನುವವರನ್ನು ಪ್ರೀತಿಸುವುದು ಕಷ್ಟ, ಅವರ ಪಕ್ಕದಲ್ಲಿ ಬಾಳುವುದು ಇನ್ನೂ ಕಷ್ಟ. ಅವರ ಮೇಲೆ ಸಿಟ್ಟಾಗಿಯೇ ನಾವು ವರ್ಷಗಳನ್ನು ಕಳೆಯುತ್ತೇವೆ. ಸಿಟ್ಟಾಗಲು ಆ ವರ್ಷಗಳು ನಮಗೆ ಉಳಿದಿರುತ್ತವೆ, ಅಷ್ಟೇ.